ಇರುವೆಗೆ ಅಡ್ಡಗೆರೆ

ಹೂಗಿಡದ ಬುಡದಲ್ಲಿ ಇರುವೆ ಗೂಡು ಕಟ್ಟಿದರೆ ಏನು ಮಾಡಬೇಕು? ನಮ್ಮ ಬೆಳಕವಾಡಿಯಲ್ಲಿ ಹಿತ್ತಿಲಿರುವ ಮನೆಗಳಲ್ಲೆಲ್ಲ ಬೇಸಿಗೆಯಲ್ಲಿ ಏಳುವ ಪ್ರಶ್ನೆಯಿದು. ಮೂರು ದಶಕ ಚರಿತ್ರೆಯ ಪಾಠ ಹೇಳಿದ ನನಗೆ ಇದಕ್ಕೂ ಒಂದು ಚರಿತ್ರೆಯಿದೆ ಎನ್ನಿಸುತ್ತದೆ.

ಗಿಡಮರಗಳಿಗೆ ಮದ್ದು ಹೇಳುವ ಪರಂಪರೆ ನಮ್ಮಲ್ಲಿ ಹಳೆಯದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯು ರೋಗ ತಗುಲಿದ ಮರಕ್ಕೆ ವಾಯುವಿಳಂಗ, ತುಪ್ಪ ಮತ್ತು ಕೆಸರನ್ನು ಕಲಸಿ ಬಳಿಯಲು ಹೇಳುತ್ತದೆ. ಕನ್ನಡದಲ್ಲಿ ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. (ಶ್ರವಣಬೆಳಗೊಳದ ಚಾವುಂಡರಾಯ ಬೇರೆ, ಈತ ಬೇರೆ.)

ನಮ್ಮ ಮಳವಳ್ಳಿ ಸೀಮೆಯ ಜನರಿಗೆ ಇರುವೆಯ ವಿಷಯದಲ್ಲಿ ಗುರುವಾದದ್ದು ಗ್ರಂಥವಲ್ಲ, ರೇಷ್ಮೆ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಈ ಕಸುಬಿಗೆ ಇರುವೆ ಬದ್ಧ ವೈರಿ. ಅದು ತಟ್ಟೆಗೆ ಹತ್ತಿದರೆ ಎಳೆಯ ಹುಳುಗಳು ಉಳಿಯುವುದಿಲ್ಲ. ಆದರೆ ಇರುವೆಯನ್ನು ಕೊಲ್ಲುವ ವಿಷ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಹಾಗಾಗಿ ನಮ್ಮ ಹಿರಿಯರು ಅಟ್ಟಣಿಗೆಯ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲುಗಳನ್ನಿಟ್ಟರು. ಕೊಲ್ಲುವುದಲ್ಲ, ದಾಟದಂತೆ ತಡೆಯುವುದು. ಹಿತ್ತಿಲಿನಲ್ಲೂ ಇದೇ ನೀತಿ. ಗಿಡದ ಸುತ್ತ ಸೌದೆ ಒಲೆಯ ಒಣ ಬೂದಿಯ ಗೆರೆ, ಇರುವೆ ಸಾಲಿಗೆ ಅಡ್ಡಲಾಗಿ ಅರಿಸಿನ, ಬುಡದ ಮಣ್ಣಿಗೆ ಬೇವಿನ ಅಥವಾ ಹೊಂಗೆಯ ಹಿಂಡಿ.

ಇನ್ನು ವಿಜ್ಞಾನದ ಮಾತು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಕುನ್ಹಿಕಣ್ಣನ್ ಅವರೊಡನೆ ಕಾಫಿ ಗಿಡದ ಶಲ್ಕ ಕೀಟಗಳ ಬಗ್ಗೆ 1918ರಲ್ಲಿ ಒಂದು ಪುಸ್ತಿಕೆ ಪ್ರಕಟಿಸಿದರು. ಶಲ್ಕ ಕೀಟ, ಹಿಟ್ಟು ತಿಗಣೆ, ಸಸ್ಯಹೇನುಗಳು ಗಿಡದ ರಸ ಹೀರಿ ಸಿಹಿಯಾದ ಅಂಟನ್ನು ಸುರಿಸುತ್ತವೆ. ಇರುವೆಗಳು ಆ ಸಿಹಿಗಾಗಿ ದನಗಾಹಿಯಂತೆ ಅವುಗಳನ್ನು ಕಾಯುತ್ತವೆ, ಅವನ್ನು ತಿನ್ನಬರುವ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಆದ್ದರಿಂದ ದಾಸವಾಳದ ಮೇಲೆ ಇರುವೆ ಸಾಲು ಕಂಡರೆ ಮೊದಲು ಎಲೆಯ ಅಡಿಭಾಗವನ್ನು ನೋಡಬೇಕು.

ಈ ತಿಳಿವಳಿಕೆಯನ್ನೆಲ್ಲ ಬದಿಗೊತ್ತಿದ್ದು ಒಂದು ಘಾಟು ಪುಡಿ. 1952ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಬಿ.ಎಚ್.ಸಿ. ತಯಾರಿಕೆ ಆರಂಭವಾಯಿತು. 'ಗ್ಯಾಮಕ್ಸಿನ್' ಎಂದು ನಾವು ಕರೆಯುತ್ತಿದ್ದುದು ಇದನ್ನೇ. ನನ್ನ ಬಾಲ್ಯದಲ್ಲಿ ಹೊಲಕ್ಕೂ ಅದೇ, ಹಿತ್ತಿಲಿಗೂ ಅದೇ, ಅಡುಗೆಮನೆಯ ಮೂಲೆಗೂ ಅದೇ. ಪುಡಿ ಎರಚಿದ ಮಡಿಯ ಪಕ್ಕದಿಂದ ಸೊಪ್ಪು ತಂದು ಹಾಕಿ, ನಾಲ್ಕನೆಯ ಜ್ವರ ಎದ್ದ ಹುಳುಗಳನ್ನೆಲ್ಲ ತಿಪ್ಪೆಗೆ ಸುರಿದ ಮನೆಯೊಂದನ್ನು ಕಂಡಿದ್ದೇನೆ. ಆ ವರ್ಷದ ಸಾಲವನ್ನು ಆ ಮನೆಯವರು ಬಹುಕಾಲ ತೀರಿಸಿದರು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಮೇವಿನ ಮೂಲಕ ಹಾಲಿಗೂ ಸೇರುವ ಈ ವಿಷವನ್ನು 1997ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ನಲವತ್ತೈದು ವರ್ಷ! ಅಷ್ಟರಲ್ಲಿ ಎರಡು ತಲೆಮಾರು ಬೂದಿಯ ಗೆರೆಯನ್ನು ಮರೆತಿತ್ತು.

ಈಗ ಮತ್ತೆ ಹಳೆಯ ಉಪಾಯಗಳನ್ನು ಕೇಳುವವರಿದ್ದಾರೆ. ನನ್ನ ಅನುಭವದ ಮಾತು ಇಷ್ಟು. ಬೂದಿ ಒಣಗಿದ್ದರಷ್ಟೇ ತಡೆ, ಮಳೆ ಬಂದರೆ ಮತ್ತೆ ಹಾಕಬೇಕು. ಒಂದೇ ಗಿಡಕ್ಕೆ ಮೇಲಿಂದ ಮೇಲೆ ಬೂದಿ ಸುರಿದರೆ ಮಣ್ಣು ಕ್ಷಾರವಾಗುತ್ತದೆ. ಕುದಿಯುವ ನೀರು ಬೇರನ್ನೂ ಬೇಯಿಸುತ್ತದೆ. ಕುಂಡದ ಗೂಡಿಗೆ ಎರಡು ಮೂರು ದಿನ ಚೆನ್ನಾಗಿ ನೀರುಣಿಸಿದರೆ ಇರುವೆಗಳು ತಾವಾಗಿಯೇ ಸಂಸಾರ ಬದಲಿಸುವುದುಂಟು. ಹಿಟ್ಟು ತಿಗಣೆಯಿದ್ದರೆ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸಬೇಕು. ಸಿಹಿ ನಿಂತರೆ ಕಾವಲುಗಾರನೂ ಹೊರಡುತ್ತಾನೆ.

ಗಿಡಕ್ಕೆ ತೊಂದರೆಯಿಲ್ಲದ ಗೂಡನ್ನು ಅದರ ಪಾಡಿಗೆ ಬಿಡುವುದೇ ಲೇಸು. ಇರುವೆ ಮಣ್ಣನ್ನು ಸಡಿಲಿಸುತ್ತದೆ, ಗೆದ್ದಲನ್ನು ಹಿಡಿಯುತ್ತದೆ. ಚೀನೀಯರಂತೂ ನಾಲ್ಕನೆಯ ಶತಮಾನದಲ್ಲೇ ಕಿತ್ತಳೆ ತೋಟದ ಕಾವಲಿಗೆಂದು ಇರುವೆ ಗೂಡುಗಳನ್ನು ಸಂತೆಯಲ್ಲಿ ಕೊಳ್ಳುತ್ತಿದ್ದರು. ಎಲ್ಲಿ ಗೆರೆ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕವಿದ್ದರೆ ಸಾಕು.