ಮಕ್ಕಳ ಗಳಗಂಡ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಸೇರಿ 2007ರಲ್ಲಿ ಬೇರೆ ಜಿಲ್ಲೆಯಾದುವು. ಇಲ್ಲಿ ಬಂಡೆಯ ಬೆಟ್ಟಗಳುಂಟು, ಹಿಮಾಲಯವಿಲ್ಲ. ಗಳಗಂಡವೋ ಹಿಮಾಲಯದ ತಪ್ಪಲಿನ ರೋಗವೆಂದೇ ನಾವು ಬಹುಕಾಲ ಭಾವಿಸಿದ್ದೆವು. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಕಾಂಗ್ಡಾ ಕಣಿವೆಯಲ್ಲಿ ತೊಡಗಿದ ಪ್ರಯೋಗದಲ್ಲಿ, ಅಯೋಡಿನ್ ಬೆರೆತ ಉಪ್ಪನ್ನುಂಡ ಮಕ್ಕಳಲ್ಲಿ ಕೊರಳಿನ ಉಬ್ಬು ತಗ್ಗಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇನೋ ಹುಟ್ಟಿತು. ಬಯಲುನಾಡಿನಲ್ಲಿಯೂ ಕೊರತೆಯುಂಟೆಂದು ಒಪ್ಪಿ ಎಲ್ಲರ ಉಪ್ಪಿಗೂ ಅಯೋಡಿನ್ ಬೆರೆಸತೊಡಗಿದ್ದು 1986ರ ಹೊತ್ತಿಗೆ. ವಿಳಂಬವೇ ಸರಿ.

ಶಾಲೆಯ ತಪಾಸಣೆಯಲ್ಲಿ ಅಳತೆಗೋಲು ಮಗುವಿನದೇ ಹೆಬ್ಬೆರಳು. ಥೈರಾಯಿಡ್ ಗ್ರಂಥಿಯ ಒಂದು ಪಾಲು ಆ ಬೆರಳಿನ ತುದಿಗೆಣ್ಣಿಗಿಂತ ದೊಡ್ಡದಾದರೆ ಅದು ಗಳಗಂಡ. 6ರಿಂದ 12 ವರ್ಷದ 100 ಮಕ್ಕಳಲ್ಲಿ 5 ಮಂದಿಗೆ ಹೀಗಿದ್ದರೆ ಊರಿನ ಉಪ್ಪನ್ನೇ ಶಂಕಿಸಬೇಕು.

ಉಪ್ಪು ಸರಿಹೋದ ಮೇಲೂ ಹದಿಹರೆಯದ ಹೆಣ್ಣುಮಕ್ಕಳ ಕೊರಳು ಉಬ್ಬುವುದುಂಟು. ಮೈನೆರೆಯುವ ಕಾಲದ್ದು, ತಾನಾಗಿ ಇಳಿದೀತೆಂದು ಮನೆಯವರು ಸುಮ್ಮನಿರುತ್ತಾರೆ. ಜಪಾನಿನ ವೈದ್ಯ ಹಶಿಮೊಟೊ 1912ರಲ್ಲಿ ವರ್ಣಿಸಿದ ವ್ಯಾಧಿ ಇದಾಗಿರಬಹುದು. ಅದರಲ್ಲಿ ದೇಹವು ತನ್ನ ಗ್ರಂಥಿಯ ಮೇಲೆ ತಾನೇ ಎರಗುತ್ತದೆ. ಅಲ್ಲಿ ಹೆಚ್ಚಿನ ಅಯೋಡಿನ್ ಮದ್ದಲ್ಲ. ರಕ್ತಪರೀಕ್ಷೆಯಲ್ಲಿ ಗ್ರಂಥಿರಸ ಸಾಲದೆಂದು ಕಂಡರೆ ಥೈರಾಕ್ಸಿನ್ ಗುಳಿಗೆ ಬೇಕಾಗುತ್ತದೆ. ಗಟ್ಟಿ ಗಂಟು ಕೈಗೆ ಸಿಕ್ಕಿದರೆ ಒಡನೆಯೇ ವೈದ್ಯರಿಗೆ ತೋರಿಸಬೇಕು. ಎಷ್ಟೋ ವೇಳೆ ಕೊರಳಿಗೂ ಮೊದಲೇ ಸುಳಿವು ಕೊಡುವುದು ಇನ್ನೊಂದು: ಓರಗೆಯವರು ಬೆಳೆಯುತ್ತಿರಲು ಆ ಮಗುವಿನ ಎತ್ತರ ಮಾತ್ರ ನಿಂತಿರುತ್ತದೆ.