ಆರ್ತಧ್ಯಾನದ ಅಂಟು: ನರೇಗಲ್ಲಿನ ಜಿನಾಲಯ ನೀಡುವ ಪಾಠ

ರೋಣ, ನರಗುಂದ ಮತ್ತು ಗಜೇಂದ್ರಗಡ ಪ್ರದೇಶಗಳ ಇತಿಹಾಸವನ್ನು ಅವಲೋಕಿಸಿದರೆ, ಇಲ್ಲಿನ ಜನತೆ ನಿಶ್ಚಿಂತೆಯಿಂದ ಬಾಳಿದ ಕಾಲ ವಿರಳವೆಂದೇ ತೋರುತ್ತದೆ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದವನ್ನು ವಶಪಡಿಸಿಕೊಂಡಿತು. ಮರಾಠರಿಗೂ ಟಿಪ್ಪುವಿಗೂ 1787ರಲ್ಲಿ ಒಪ್ಪಂದವಾದದ್ದು ಗಜೇಂದ್ರಗಡದಲ್ಲಿ. 1858ರಲ್ಲಿ, ದತ್ತು ಸ್ವೀಕಾರದ ಹಕ್ಕನ್ನು ನಿರಾಕರಿಸಲ್ಪಟ್ಟ ನರಗುಂದದ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಬಂಡೆದ್ದು ಗಲ್ಲಿಗೇರಿದರು. 1980ರ ಜುಲೈ ತಿಂಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರವನ್ನು ವಿರೋಧಿಸಿದಾಗ ನರಗುಂದದಲ್ಲಿ ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಇವುಗಳ ನಡುನಡುವೆ ಮಳೆ ಕೈಕೊಟ್ಟ ವರ್ಷಗಳೂ ಉಂಟು.

ಇಂತಹ ನೆಲದಲ್ಲಿ ಆತಂಕವು ಸಹಜವೇ. ಆದರೆ ಕಾರಣವು ತೀರಿದ ಮೇಲೂ ಆತಂಕ ಉಳಿದು, ಮನಸ್ಸು ಅದನ್ನೇ ಅರಸಿಕೊಂಡು ಹೋಗುವುದಾದರೆ ಅದು ಸಹಜವಲ್ಲ, ಚಟ. ಮದ್ಯದ ಚಟವನ್ನು ಸಮಾಜ ಗುರುತಿಸುತ್ತದೆ. ಈ ಚಟವನ್ನು ಮಾತ್ರ ಕರ್ತವ್ಯನಿಷ್ಠೆ ಎಂದು ಹೊಗಳುತ್ತದೆ.

ನಮ್ಮ ಆಚಾರ್ಯರು ಇದನ್ನು ಬಹು ಹಿಂದೆಯೇ ಗುರುತಿಸಿದ್ದರು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಡದ್ದು ಬಂದೊದಗಿದ್ದಕ್ಕಾಗಿ, ಪ್ರಿಯವಾದದ್ದು ದೂರವಾದದ್ದಕ್ಕಾಗಿ, ವೇದನೆಗಾಗಿ, ಮುಂದಿನ ಭೋಗದ ಬಯಕೆಗಾಗಿ ಮತ್ತೆ ಮತ್ತೆ ಚಿಂತಿಸುವುದು ಆರ್ತಧ್ಯಾನ. ಸಂಕಟದ ಚಿಂತೆಯನ್ನೂ ಅವರು ಧ್ಯಾನವೆಂದೇ ಕರೆದಿರುವುದು ಗಮನಾರ್ಹ. ಚಿತ್ತವು ಒಂದೇ ವಿಷಯದಲ್ಲಿ ನೆಲೆಗೊಂಡರೆ ಅದು ಧ್ಯಾನ; ಏಕಾಗ್ರತೆಗೆ ತನ್ನದೇ ಆದ ರುಚಿಯಿದೆ. ಚಿಂತೆಯು ನಮ್ಮನ್ನು ಹಿಡಿದಿಡುವುದು ಆ ರುಚಿಯಿಂದಲೇ.

ಆಧುನಿಕ ವೈದ್ಯಶಾಸ್ತ್ರವು ಶರೀರದ ಕಡೆಯಿಂದ ಇದೇ ಸಂಗತಿಯತ್ತ ಬಂದಿದೆ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ಬೇರೆ ಬೇರೆ ಬಗೆಯ ಪೀಡೆಗಳಿಗೂ ಶರೀರವು ಒಂದೇ ರೀತಿಯಾಗಿ ಸ್ಪಂದಿಸುವುದನ್ನು ಇಲಿಗಳಲ್ಲಿ ಕಂಡು ಪ್ರಕಟಿಸಿದನು. ಅಪಾಯದ ಸಮಯದಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರಿ ಎದೆಬಡಿತ ಏರುತ್ತದೆ, ಎಚ್ಚರ ಹೆಚ್ಚುತ್ತದೆ. ಅಪಾಯ ಕಳೆದೊಡನೆ ಅವು ಇಳಿಯಬೇಕು. ದಿನವೂ ಏರುತ್ತಲೇ ಇದ್ದರೆ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಆ ಏರಿಕೆಗೆ ಒಗ್ಗಿದವನಿಗೆ ಶಾಂತಿಯೇ ಶೂನ್ಯವಾಗಿ ತೋರಿ, ಬಿಡುವಿನ ದಿನವೂ ಚಡಪಡಿಸುತ್ತಾನೆ.

ಹಾಗಾದರೆ ಆತಂಕವನ್ನು ಏನು ಮಾಡಬೇಕು? ಈ ಪರಿಸರದ ನರೇಗಲ್ಲಿನಲ್ಲಿ ಅದಕ್ಕೊಂದು ಉತ್ತರವಿದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ಘೋರ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಅವನಿಗೆ ಬೆಳ್ವೊಲ, ಪುರಿಗೆರೆ, ಕಿಸುಕಾಡು ಮೊದಲಾದ ನಾಡುಗಳು ದೊರೆತುದನ್ನು ಆತಕೂರಿನ ಶಾಸನ ತಿಳಿಸುತ್ತದೆ. ಅದೇ ಕಾಲದಲ್ಲಿ, 950ರ ಸುಮಾರಿಗೆ, ಬೂತುಗನ ರಾಣಿ ಪದ್ಮಬ್ಬರಸಿಯು ನರೇಗಲ್ಲಿನಲ್ಲಿ ಬಸದಿಯನ್ನು ಕಟ್ಟಿಸಿದಳು. ಅದಕ್ಕೆ ಹೊಂದಿಕೊಂಡ ದಾನಶಾಲೆಗೆ ಕೆರೆಯೊಂದನ್ನು ದತ್ತಿಯಾಗಿ ಬಿಡಲಾಯಿತು. ಆ ಕಟ್ಟಡವನ್ನು ಇಂದು ಜನ ನಾರಾಯಣ ದೇವಾಲಯವೆಂದು ಕರೆಯುತ್ತಾರೆ.

ರಾಣಿಯ ಅಂತರಂಗವನ್ನು ಶಾಸನ ಹೇಳುವುದಿಲ್ಲ. ಆಕೆಯ ಕಾಲದಲ್ಲಿ ಆದ ಕಾರ್ಯವನ್ನಷ್ಟೇ ಹೇಳುತ್ತದೆ. ನಮಗೆ ಅಷ್ಟು ಸಾಕು. ಬರದ ಭಯಕ್ಕೆ ಕೆರೆ, ಹಸಿವಿನ ಭಯಕ್ಕೆ ದಾನಶಾಲೆ, ಮೃತ್ಯುಭಯಕ್ಕೆ ಜಿನಾಲಯ. ಹೀಗೆ ಕಾರ್ಯರೂಪಕ್ಕೆ ಬಂದ ಭಯವು ಅಲ್ಲಿಗೆ ಮುಗಿಯುತ್ತದೆ. ಕಾರ್ಯವಿಲ್ಲದ ಭಯ ಮನಸ್ಸಿನಲ್ಲೇ ಸುತ್ತುತ್ತದೆ.

ಸಮೀಪದ ಲಕ್ಕುಂಡಿಯ ಅತ್ತಿಮಬ್ಬೆಯ ಬಾಳೂ ಇದನ್ನೇ ಸಾರುತ್ತದೆ. ಪತಿ ನಾಗದೇವನು ಮಡಿದಾಗ, ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕುಳಿದು ವ್ರತ ಮತ್ತು ದಾನಗಳನ್ನು ಆರಿಸಿಕೊಂಡಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು; 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಪ್ರಿಯವಿಯೋಗದ ಆರ್ತಧ್ಯಾನವು ಧರ್ಮ್ಯಧ್ಯಾನವಾಗಿ ತಿರುಗಿದುದಕ್ಕೆ ಇದಕ್ಕಿಂತ ಹಿರಿದಾದ ನಿದರ್ಶನ ನಮ್ಮ ನಾಡಿನಲ್ಲಿ ಅಪರೂಪ.

ಇಂದು ಅನೇಕ ಶ್ರಾವಕ ಕುಟುಂಬಗಳಲ್ಲಿ ವ್ಯಾಪಾರದ ಚಿಂತೆ ಊಟದ ಮಣೆಯವರೆಗೂ ಬರುತ್ತದೆ. ಬಸದಿಯ ಟ್ರಸ್ಟಿನಲ್ಲಿ ವರ್ಷವಿಡೀ ಸುಮ್ಮನಿದ್ದು, ಪಂಚಕಲ್ಯಾಣಕ್ಕೆ ಹದಿನೈದು ದಿನಗಳಿರುವಾಗ ಎದ್ದು ಓಡಾಡುವುದೇ ರೂಢಿ. ಆ ಗಡಿಬಿಡಿಯನ್ನೇ ಸೇವೆಯೆಂದು ಭಾವಿಸಿದವರಿಗೆ, ಉತ್ಸವ ಮುಗಿದ ಮರುದಿನ ಜಗಳಕ್ಕಾದರೂ ಒಂದು ಕಾರಣ ಬೇಕಾಗುತ್ತದೆ. ದೊಡ್ಡವರನ್ನು ನೋಡಿ ಮಕ್ಕಳೂ ಇದನ್ನೇ ಕಲಿಯುತ್ತಾರೆ.

ಇದಕ್ಕೆ ಔಷಧ ನಮ್ಮ ಮನೆಯಲ್ಲೇ ಇದೆ. ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಇಪ್ಪತ್ತೇಳು ಉಸಿರುಗಳಲ್ಲಿ ಜಪಿಸುವ ಕಾಯೋತ್ಸರ್ಗಕ್ಕೆ ಕೆಲವೇ ನಿಮಿಷಗಳು ಸಾಕು. ಕ್ರಮೇಣ ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಸಾಮಾಯಿಕಕ್ಕೆ ಏರಬಹುದು. ಆರಂಭದ ದಿನಗಳಲ್ಲಿ ಚಡಪಡಿಕೆ ಹೆಚ್ಚಾದಂತೆ ತೋರುವುದು. ಅದು ಬಿಟ್ಟ ಚಟದ ಕೂಗು ಎಂದು ತಿಳಿದು ಕುಳಿತಿರಬೇಕು. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವಂತೆ, ಲೆಕ್ಕಪತ್ರಕ್ಕೂ ವ್ಯವಹಾರದ ಮಾತಿಗೂ ಒಂದು ಹೊತ್ತಿನ ಮಿತಿ ಇರಲಿ. ಸಂಜೆಯ ಪ್ರತಿಕ್ರಮಣದಲ್ಲಿ ಅಂದಿನ ಚಿಂತೆಗಳನ್ನು ಎರಡಾಗಿ ವಿಂಗಡಿಸೋಣ: ಕಾರ್ಯವಾಗಬಲ್ಲದ್ದು ನಾಳೆಯ ಕೆಲಸಕ್ಕೆ, ಆಗಲಾರದ್ದು ಜಿನಪಾದಕ್ಕೆ. ನಿದ್ರೆಯೇ ಬಾರದೆ ಶರೀರ ಕುಗ್ಗಿದ್ದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. ಶರೀರವನ್ನು ಕಾಪಾಡಿಕೊಳ್ಳುವುದೂ ಧರ್ಮಸಾಧನೆಗೆ ಅಗತ್ಯವೇ.

ತಕ್ಕೋಲದ ವಿಜಯದಿಂದ ಬಂದ ನಾಡುಗಳು ಕೈಬದಲಾಯಿಸುತ್ತಾ ಹೋದವು. ನರೇಗಲ್ಲಿನ ಕಲ್ಲುಗೋಡೆಗಳು ಇಂದಿಗೂ ನಿಂತಿವೆ. ಯಾವುದಕ್ಕೆ ನಮ್ಮ ಚಿತ್ತವನ್ನು ಕೊಡಬೇಕೆಂಬುದನ್ನು ಶ್ರಾವಕ-ಶ್ರಾವಿಕೆಯರು ಮತ್ತು ಟ್ರಸ್ಟಿನ ಹಿರಿಯರು ಕೂಡಿ ಯೋಚಿಸಬೇಕಾಗಿದೆ.