ಬಚ್ಚಲ ನೀರು ಹೋದ ದಾರಿ

ನೀರು ಎಲ್ಲಿಂದ ಬಂತು ಎಂಬುದನ್ನು ನಮ್ಮ ಇತಿಹಾಸ ಜೋಪಾನವಾಗಿ ಬರೆದಿಟ್ಟಿದೆ. ವಿಜಯನಗರದ ಕಾಲದಲ್ಲಿ ತುಂಗಭದ್ರೆಯಿಂದ ತೋಡಿದ ಕಾಲುವೆಗಳು ಆನೆಗೊಂದಿಯ ಗದ್ದೆಗಳಿಗೆ ಇಂದೂ ನೀರುಣಿಸುತ್ತವೆ. ಕೆರೆ ಕಟ್ಟಿಸಿದವರ, ಬಾವಿ ತೋಡಿಸಿದವರ ಹೆಸರುಗಳು ಶಾಸನಗಳಲ್ಲಿವೆ. ಬಳಸಿದ ನೀರು ಎಲ್ಲಿಗೆ ಹೋಯಿತೆಂದು ಹೇಳುವ ಶಾಸನವನ್ನು ಮಾತ್ರ ನಾನಂತೂ ಕಂಡಿಲ್ಲ.

ಬರೆದಿಡುವಷ್ಟು ನೀರೇ ಹೋಗುತ್ತಿರಲಿಲ್ಲ ಎಂಬುದೂ ನಿಜ. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ತಲೆಯ ಮೇಲೆ ಹೊತ್ತು ತಂದ ಕೊಡದ ನೀರನ್ನು ಯಾರೂ ಸುಮ್ಮನೆ ಚೆಲ್ಲುವುದಿಲ್ಲ. ಮುಸುರೆ ನೀರು ಎಮ್ಮೆಗೆ. ಬಚ್ಚಲ ನೀರು ಹಿತ್ತಲಿನ ಬಾಳೆಗೆ, ಕರಿಬೇವಿಗೆ, ಉಳಿದದ್ದು ಇಂಗುಗುಂಡಿಗೆ. ಮಣ್ಣು ಸೋಸುತ್ತಿತ್ತು, ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತಿದ್ದವು. ಮನೆಗೊಂದು ಶುದ್ಧೀಕರಣ ಘಟಕ! ಆ ಹೆಸರು ಮಾತ್ರ ಅದಕ್ಕೆ ಇರಲಿಲ್ಲ.

ಈ ಲೆಕ್ಕ ತಪ್ಪಿದ್ದು ನೀರು ಹೆಚ್ಚಾದಾಗ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಬಂದವು, ಊರು ಬೆಳೆಯಿತು, ಮನೆಮನೆಗೆ ನಲ್ಲಿ ಬಂತು. ಅದರ ಬೆನ್ನಿಗೇ ಬರಬೇಕಿದ್ದ ಒಳಚರಂಡಿ ದಶಕಗಳಷ್ಟು ಹಿಂದೆ ಬಿತ್ತು. ಎರೆಮಣ್ಣಿನ ಗುಣವನ್ನು ರೈತರು ಬಲ್ಲರು: ನೆನೆದರೆ ಉಬ್ಬುತ್ತದೆ, ಬಿರುಕುಗಳ ಬಾಯಿ ಮುಚ್ಚುತ್ತದೆ. ಕೊಡದ ನೀರು ಕುಡಿಯುತ್ತಿದ್ದ ಗುಂಡಿ ನಲ್ಲಿಯ ನೀರು ಕುಡಿಯಲಾರದು. ಹಿತ್ತಲಿನಲ್ಲಿ ಮನೆ ಎದ್ದಿತು, ಗುಂಡಿ ಮುಚ್ಚಿತು, ಬಚ್ಚಲ ನೀರು ಗಟಾರಕ್ಕೆ ಬಿತ್ತು. ಗಟಾರ ಹುಡುಕಿದ್ದು ಹಳ್ಳವನ್ನು. ಗಂಗಾವತಿಯ ದುರ್ಗಮ್ಮನ ಹಳ್ಳ ಊರಿನ ಕೊಳಚೆ ಹೊರುವಂತಾದದ್ದು ಹೀಗೆ.

ಜಲಮಾಲಿನ್ಯ ತಡೆಯುವ ಕಾಯ್ದೆ 1974ರಲ್ಲೇ ಬಂದಿತ್ತು. ಆದರೆ ಕಾಯ್ದೆಗೆ ಕೊಳವೆ ಹೂಳಲು ಬರುವುದಿಲ್ಲವಲ್ಲ! 2006ರಲ್ಲಿ ಮಂಜೂರಾದ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಉತ್ತರ ಕರ್ನಾಟಕದ 25 ಊರುಗಳಿಗೆ ನೀರು, ಒಳಚರಂಡಿ ಮುಂತಾದ ಕೆಲಸಗಳ ಯೋಜನೆ ಬಂತು. ಕೊಪ್ಪಳ, ಗಂಗಾವತಿ ಆ ಪಟ್ಟಿಯಲ್ಲಿದ್ದವು. ಕುಷ್ಟಗಿ, ಯಲಬುರ್ಗಾದಂಥ ಸಣ್ಣ ಊರುಗಳು ಹೊರಗುಳಿದವು.

ಶುದ್ಧೀಕರಣ ಘಟಕ ಮಾಡುವುದು ಹಿತ್ತಲಿನ ಮಣ್ಣು ಮಾಡುತ್ತಿದ್ದ ಕೆಲಸವನ್ನೇ. ಕಸ ತಡೆದು, ಗಸಿ ಇಳಿಸಿ, ನೀರಿಗೆ ಗಾಳಿ ಊದಿದರೆ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಸ್ಥಳವಿದ್ದಲ್ಲಿ ಗಾಳಿಯಂತ್ರವೂ ಬೇಡ: ಒಂದೂವರೆ ಮೀಟರ್‌ ಆಳದ ಹೊಂಡದಲ್ಲಿ ನೀರು ಕೆಲವು ವಾರ ನಿಂತರೆ ಬಿಸಿಲಿಗೆ ಬೆಳೆದ ಪಾಚಿಯೇ ಆಮ್ಲಜನಕ ಕೊಡುತ್ತದೆ. ನಮ್ಮ ಸೀಮೆಯಲ್ಲಿ ಬಿಸಿಲಿಗೇನು ಬರ! ಆದರೆ ಯಂತ್ರದ ಘಟಕ ಮುಚ್ಚಿದರೆ, ಕರೆಂಟು ಹೋಗಿಯೋ ಆಳು ಇಲ್ಲದೆಯೋ, ಜೀವಿಗಳು ಉಸಿರುಗಟ್ಟಿ ಸಾಯುತ್ತವೆ. ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಕಟ್ಟಿಸುವುದಕ್ಕೆ ಸಾಲ ಸಿಗುತ್ತದೆ, ದಿನದಿನದ ಖರ್ಚಿಗೆ ಸಿಗುವುದಿಲ್ಲ. ಒಳಚರಂಡಿಯೇ ಇಲ್ಲದ ಊರಿಗೆ ಇನ್ನೊಂದು ದಾರಿ ದೇವನಹಳ್ಳಿಯಲ್ಲಿದೆ. ಮನೆಗಳ ಶೌಚಗುಂಡಿಯಿಂದ ಲಾರಿಯಲ್ಲಿ ಹೀರಿ ತಂದ ಗಸಿಯನ್ನು ಒಣಗಿಸಿ ಗೊಬ್ಬರ ಮಾಡುವ ಘಟಕ ಅಲ್ಲಿ 2015ರಲ್ಲಿ ಆರಂಭವಾಯಿತು.

2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತಾಗ ಸಾವಿರಾರು ಜನ ಕೈಜೋಡಿಸಿ ಹಿರೇಹಳ್ಳದ ಸುಮಾರು 26 ಕಿ.ಮೀ. ಉದ್ದಕ್ಕೂ ಹೂಳು, ಜಾಲಿ ತೆಗೆದರು. ಸರ್ಕಾರಕ್ಕೆ ಕಾಯದೆ ನಡೆದ ದೊಡ್ಡ ಕೆಲಸವದು. ಹೂಳನ್ನು ಒಮ್ಮೆ ತೆಗೆಯಬಹುದು. ಕೊಳಚೆ ಬೆಳಗಾದರೆ ಬರುತ್ತದೆ, ಅದರೊಂದಿಗೆ ಸಾರಜನಕ, ರಂಜಕವೂ ಬರುತ್ತವೆ. ಬೇಸಿಗೆಯಲ್ಲಿ ಈ ಸೀಮೆಯ ಯಾವುದೇ ಹಳ್ಳದ ಗುಂಟ ನಡೆದು ನೋಡಿ: ಸುತ್ತಲ ಹೊಲವೆಲ್ಲ ಬರಡಾಗಿರುವಾಗ ಜೊಂಡು ಆಳೆತ್ತರ, ಕಡುಹಸಿರು ಬೆಳೆದು ನಿಂತಿದ್ದರೆ, ಅಲ್ಲೇ ಹತ್ತಿರ ಯಾವುದೋ ಊರಿನ ಗಟಾರ ಬಂದು ಸೇರಿರಬಹುದು.